ನಮ್ಮ ಬೆಟ್ಟದ ಲೆಕ್ಕ

ಕಳೆದ ಮಳೆಗಾಲ ಮುಗಿದ ಮೇಲೆ ಸಿದ್ದಾಪುರ ತಾಲೂಕಿನ ನಮ್ಮ ಮೂಲಮನೆಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ತಮ್ಮನ ಮಗಳು ಒಂದು ಸುತ್ತು ಹಗ್ಗ, ದರ್ಜಿಯ ಟೇಪು, ನೋಟುಬುಕ್ಕು ಹಿಡಿದು ಎದುರಿಗೆ ನಿಂತಳು. ಮನೆಯ ಹಿಂದಿನ ಬೆಟ್ಟದಲ್ಲಿ ಏನೇನಿದೆ ಎಂದು ಎಣಿಸಬೇಕು, ಬರೆದುಕೊಳ್ಳಲು ದೊಡ್ಡಪ್ಪ ಬರಬೇಕು ಎಂಬುದು ಅವಳ ಬೇಡಿಕೆ. ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಪುಸ್ತಕ ಬರೆದ ಕೈ ಇದು, ಇಲ್ಲವೆನ್ನಲಾಗಲಿಲ್ಲ.

ಬಯಲುಸೀಮೆಯ ನನ್ನ ವಿದ್ಯಾರ್ಥಿಗಳಿಗಾಗಿ ಒಂದು ಮಾತು. ನಮ್ಮ ಕಡೆ 'ಬೆಟ್ಟ' ಎಂದರೆ ಕೇವಲ ಗುಡ್ಡವಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು, ಕೊಟ್ಟಿಗೆಗೆ ಹಾಸು, ಒಲೆಗೆ ಒಣಕಟ್ಟಿಗೆ ಒದಗಿಸುವ, ತೋಟಕ್ಕೆ ಹೊಂದಿಕೊಂಡ ಕಾಡು ಅದು. ಕಾಗದದಲ್ಲಿ 'ಸೊಪ್ಪಿನ ಬೆಟ್ಟ'. ನಮ್ಮ ಪಾಲಿನದು ಐದು ಎಕರೆಗೆ ತುಸು ಕಡಿಮೆ.

ಎಣಿಸುವ ಕ್ರಮ ಸರಳ. ಮನೆಯ ಹಿತ್ತಿಲಿನಿಂದ ನೆತ್ತಿಯವರೆಗೆ ಒಂದು ಸಾಲು ಹಿಡಿದು, ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಹತ್ತು ಚೌಕಗಳನ್ನು ಹಗ್ಗದಿಂದ ಗುರುತು ಮಾಡಿದೆವು. ಪ್ರತಿ ಚೌಕದಲ್ಲಿ ಮರಗಳ ಹೆಸರು ಬರೆದು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗೆದೆವು. ಮೂವತ್ತು ಸೆಂಟಿಮೀಟರಿಗಿಂತ ಸಣ್ಣವನ್ನು ಸಸಿಗಳೆಂದು ಬೇರೆ ಬರೆದೆವು. ಹೆಜ್ಜೆ, ಹಿಕ್ಕೆ, ಗೂಡು, ಪೊಟರೆಗಳಿಗೆ ಕೊನೆಯ ಪುಟ.

ಮೂರು ದಿನಗಳಲ್ಲಿ ಮೂವತ್ತೆಂಟು ಜಾತಿಗಳಾದವು. ಮತ್ತಿ, ಹುಣಾಲು, ನಂದಿ, ಹೊನ್ನೆ, ಜಂಬೆ, ಕವಲು, ನೇರಳೆ, ಅಳಲೆ, ನೆಲ್ಲಿ, ಮುರುಗಲು, ಉಪ್ಪಾಗೆ, ವಾಟೆ. ನೀರು ಹರಿಯುವ ಕೊಳ್ಳದಲ್ಲಿ ಮಾತ್ರ ರಾಮಪತ್ರೆ. ಬಂಡೆಯ ಮೇಲೆ ಬೈನೆ ಬೀಜ ತುಂಬಿದ ಕಬ್ಬೆಕ್ಕಿನ ಹಿಕ್ಕೆ, ಹಳುವಿನಲ್ಲಿ ಮುಳ್ಳುಹಂದಿಯ ಎರಡು ಮುಳ್ಳು. ಸಂಜೆ ಕಾಡುಕುರಿಯ ಕೂಗು ಕೇಳಿತು.

ಕೊನೆಗೆ ಅವಳು ತೋರಿಸಿದ ಒಂದು ಸಂಗತಿ ಮನಸ್ಸಿಗೆ ನಾಟಿತು. ದೊಡ್ಡ ಮರಗಳ ಪಟ್ಟಿಯಲ್ಲಿದ್ದ ಎಷ್ಟೋ ಹೆಸರುಗಳು ಸಸಿಗಳ ಪಟ್ಟಿಯಲ್ಲಿರಲಿಲ್ಲ. ಹತ್ತನೆಯ ತರಗತಿ ತುಂಬಿದೆ, ಒಂದನೆಯ ತರಗತಿಗೆ ದಾಖಲಾತಿಯೇ ಇಲ್ಲ. ಅಂಥ ಶಾಲೆಯ ಗತಿ ಏನೆಂಬುದು ಮೇಷ್ಟ್ರಾದ ನನಗೆ ಬೇರೆಯವರು ಹೇಳಬೇಕಾಗಿಲ್ಲ.

ನಮ್ಮ ಕಾಡನ್ನು ಮೊದಲು ಎಣಿಸಿದವರು ನಾವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತದೆಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದ. 1801ರಲ್ಲಿ ಆತ ಕನ್ನಡ ಜಿಲ್ಲೆಯ ಕರಾವಳಿ, ಘಟ್ಟಗಳನ್ನು ಸುತ್ತಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ನಮ್ಮ ಅಡಿಕೆ, ಮೆಣಸಿನ ತೋಟಗಳ ವಿವರಗಳಿವೆ. ಕಾಡು ಊರ ದೇವರದು, ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಕೂಡದು ಎಂದು ಜನ ಹೇಳಿದ್ದನ್ನೂ ಅವನು ದಾಖಲಿಸಿದ್ದಾನೆ. ಆದರೆ ಅದು ಸರಕಾರಕ್ಕೆ ಕಾಡಿನ ಒಡೆತನ ಸಿಗದಂತೆ ಮಾಡುವ ಉಪಾಯ ಎಂದು ಅವನ ಅನುಮಾನ.

1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆಯ ನಂತರ ಕಾಡಿಗೆ ಗಡಿಕಲ್ಲುಗಳು ಬಿದ್ದವು. ಸರಕಾರದ ಕಣ್ಣು ಮುಖ್ಯವಾಗಿ ತೇಗ ಮತ್ತಿತರ ನಾಟಾಗಳ ಮೇಲೆ. ತೋಟಿಗರಿಗೆ ಬೇಕಾದದ್ದು ಸೊಪ್ಪು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಸಿಕ್ಕಿತು. ನೆಲ ಸರಕಾರದ್ದು, ಸೊಪ್ಪು ನಮ್ಮದು. ಈ ಎರಡರ ನಡುವೆ ಮರ ಯಾರದೂ ಆಗಲಿಲ್ಲ. ಕೊಂಬೆ ಕಡಿದು ಕಡಿದು ಎಷ್ಟೋ ಬೆಟ್ಟಗಳಲ್ಲಿ ಮರಗಳು ಮೋಟು ಕಂಬಗಳಾದವು. ತಪ್ಪನ್ನೆಲ್ಲ ಬ್ರಿಟಿಷರ ತಲೆಗೆ ಕಟ್ಟಿ ಪಾಠ ಮಾಡುತ್ತಿದ್ದ ನಾನು ಇದನ್ನು ತರಗತಿಯಲ್ಲಿ ಹೇಳಲಿಲ್ಲ; ಈಗ ಹೇಳುತ್ತಿದ್ದೇನೆ.

ಇನ್ನೊಂದನ್ನೂ ಹೇಳಬೇಕು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತು ಕೊಡಲಿ ತಡೆದರು. ಅದೇ 'ಅಪ್ಪಿಕೋ' ಚಳವಳಿ. ಬಿ.ಎಡ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಮಕ್ಕಳಿಗೆ ಅದನ್ನು ಉತ್ಸಾಹದಿಂದ ವಿವರಿಸಿದ್ದೆ. ಮೂರು ವರ್ಷ ಕಳೆದ ಮೇಲೆ ಅದೇ ನಾನು, ಬೇಗ ಬೆಳೆಯುತ್ತದೆ, ಕಟ್ಟಿಗೆಗಾಗುತ್ತದೆ ಎಂದು ಅಪ್ಪಯ್ಯನನ್ನು ಒಪ್ಪಿಸಿ ಬೆಟ್ಟದ ಪಡುವಣ ಮೂಲೆಯ ಹಳು ಸವರಿಸಿ ಅಕೇಶಿಯಾ ನೆಡಿಸಿದೆ. ಅವರು ಒಂದೇ ಮಾತು ಕೇಳಿದ್ದರು: ಇದರ ಎಲೆ ಗೊಬ್ಬರವಾಗುತ್ತದೆಯೇ? ಆಗುತ್ತದೆ ಎಂದೆ. ನನಗೆ ಗೊತ್ತಿರಲಿಲ್ಲ.

ನಮ್ಮ ಎಂಟನೆಯ ಚೌಕ ಬಿದ್ದದ್ದು ಆ ಮೂಲೆಯಲ್ಲಿಯೇ. ಕೊಳೆಯದೆ ಚಾಪೆಯಂತೆ ಹಾಸಿದ್ದ ಎಲೆಗಳ ಮೇಲೆ ಅಕೇಶಿಯಾ ಬಿಟ್ಟರೆ ಎರಡೇ ಜಾತಿಗಳು. ಮಗಳು ಏನೂ ಅನ್ನಲಿಲ್ಲ. ನಾನು 'ಎರಡು' ಎಂದು ಬರೆದೆ.

ಕೊನೆಯ ದಿನ ಕೊಳ್ಳದ ಅಂಚಿನ ಹಳೆಯ ತಾರೆ ಮರದ ಬಳಿಗೆ ಬಂದೆವು. ಒಳಗೆ ಪೊಳ್ಳಾಗಿದೆ, ತೋಟದ ಮೇಲೆ ಬಿದ್ದೀತು ಎಂದು ಅದನ್ನು ತೆಗೆಸಲು ಅರ್ಜಿ ಹಾಕುವ ಯೋಚನೆಯಲ್ಲಿ ತಮ್ಮನಿದ್ದ. ರಾತ್ರಿ ಊಟದ ಹೊತ್ತಿಗೆ ಆ ಮಾತು ಬಂದಾಗ, ಎಂಬತ್ತಾರು ವರ್ಷದ ಚಿಕ್ಕಮ್ಮ ಗೋಡೆಗೊರಗಿದಲ್ಲಿಂದಲೇ, "ತಮಾ, ಆ ಮರ ಕಡಿಯಡ. ಅದ್ರ ಪೊಟರೆಲಿ ಮಂಗಟ್ಟೆ ಇದ್ದು" ಎಂದರು. ಸೊಪ್ಪಿಗೆ ಹೋಗುತ್ತಿದ್ದ ಕಾಲದಿಂದಲೂ ಅವರಿಗೆ ಅದು ಗೊತ್ತು. ಹೆಣ್ಣು ಹಕ್ಕಿ ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಉಳಿದ ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಉಣಿಸುತ್ತದೆ. ತಿಂದ ಹಣ್ಣಿನ ಬೀಜ ಕಾಡಿನ ತುಂಬ ಬೀಳುತ್ತದೆ. ಸಸಿಗಳ ಪಟ್ಟಿಯಲ್ಲಿ ಕಾಣದ ಹೆಸರುಗಳು ಮರಳಿ ಬರಬೇಕಾದರೆ ಇಂಥ ಹಕ್ಕಿಗಳೇ ತರಬೇಕು. ಈ ಒಂದು ಸಾಲು ನಮ್ಮ ಪುಸ್ತಕದಲ್ಲಿರಲಿಲ್ಲ, ಏಕೆಂದರೆ ನಾವು ಹೋದದ್ದು ಅದು ಗೂಡು ಮಾಡುವ ಕಾಲವಲ್ಲ.

ತಮ್ಮ ಅರ್ಜಿಯನ್ನು ತಡೆದಿದ್ದಾನೆ. ಬೇಸಿಗೆಯಲ್ಲಿ ಗೂಡು ನೋಡಿ ನಿರ್ಧರಿಸೋಣವೆಂದಿದ್ದಾನೆ. ಅಕೇಶಿಯಾವನ್ನು ಹಂತಹಂತವಾಗಿ ತೆಗೆಸಿ ಅಲ್ಲಿ ಮುರುಗಲು, ನೇರಳೆ, ಹೊನ್ನೆ ಎಬ್ಬಿಸುವುದು ನನ್ನ ಪಾಲಿನ ಕೆಲಸ. ಅಪ್ಪಯ್ಯನಿಗೆ ಕೊಟ್ಟ ತಪ್ಪು ಉತ್ತರಕ್ಕೆ ಅಷ್ಟಾದರೂ ಮಾಡಬೇಕು.

ಪಹಣಿ ಪತ್ರವಿರುವ ತಗಡಿನ ಪೆಟ್ಟಿಗೆಯಲ್ಲಿ ಈಗ ಆ ನೋಟುಬುಕ್ಕೂ ಇದೆ. ಪಹಣಿಯಲ್ಲಿ ಎಕರೆ, ಗುಂಟೆಗಳ ಲೆಕ್ಕವಿದೆ, ನಾವು ಎಣಿಸಿದ ಈ ಲೆಕ್ಕವಿಲ್ಲ. ನಿಮ್ಮಲ್ಲಿ ಯಾರ ಮನೆಯ ಹಿಂದಾದರೂ ಇಂಥ ತುಂಡು ಕಾಡು ಉಳಿದಿದ್ದರೆ ರಜೆಯಲ್ಲಿ ಒಮ್ಮೆ ಎಣಿಸಿರಿ. ಹಗ್ಗ ಹಿಡಿಯುವ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿರಿ. ನಾನು ಅವರನ್ನು ಕೊನೆಗೆ ಕೇಳಿದೆ.