ಪ್ರತ್ಯೇಕಿಸಲು ಕಟ್ಟಿದ ಶಾಲೆ

ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಇಟ್ಟಿಗೆಯ ಭವ್ಯವಾದ ಹೈಸ್ಕೂಲೊಂದಿದೆ. ಅದಕ್ಕೆ 1770ರಲ್ಲಿ ಬಾಸ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದ, ಆಫ್ರಿಕನ್ ಮೂಲದ ಕ್ರಿಸ್ಪಸ್ ಅಟಕ್ಸ್‌ನ ಹೆಸರಿಡಲಾಗಿದೆ. 1927ರಲ್ಲಿ ಅದರ ಬಾಗಿಲು ತೆರೆದದ್ದು ಕರಿಯರ ಮಕ್ಕಳ ಮೇಲಿನ ಪ್ರೀತಿಯಿಂದಲ್ಲ, ಬಿಳಿಯರ ಶಾಲೆಗಳಿಂದ ಅವರನ್ನು ದೂರವಿಡಲಿಕ್ಕೆ.

ಆದರೆ ಒಳಗೆ ನಡೆದದ್ದೇ ಬೇರೆ. ಉನ್ನತ ಪದವಿ ಪಡೆದರೂ ವರ್ಣಭೇದದಿಂದಾಗಿ ಬೇರೆಡೆ ಅವಕಾಶ ಸಿಗದ ವಿದ್ವಾಂಸರು ಇಲ್ಲಿ ಅಧ್ಯಾಪಕರಾದರು. ಹೊರಗಿಟ್ಟವರ ಲೆಕ್ಕಾಚಾರ ತರಗತಿಯಲ್ಲೇ ತಲೆಕೆಳಗಾಯಿತು.

ಶಾಲೆಯ ಜಿಮ್ನೇಷಿಯಂ ಮಾತ್ರ ಚಿಕ್ಕದು. ತವರಿನ ಪಂದ್ಯಗಳನ್ನೂ ಬಟ್ಲರ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಆಡಬೇಕಾಯಿತು. 1942ರವರೆಗೂ ರಾಜ್ಯ ಪಂದ್ಯಾವಳಿಗೆ ಪ್ರವೇಶವೇ ಇರಲಿಲ್ಲ. ಅಂಥ ಶಾಲೆ 1955ರಲ್ಲಿ ರಾಜ್ಯ ಬಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದಿತು. ತಂಡದಲ್ಲಿ ಆಸ್ಕರ್ ರಾಬರ್ಟ್‌ಸನ್ ಇದ್ದರು, ರೇ ಕ್ರೋ ತರಬೇತುದಾರರು. ಮರುವರ್ಷ ಒಂದೂ ಪಂದ್ಯ ಸೋಲದೆ ಮತ್ತೆ ಗೆದ್ದರು. ಆದರೂ 1955ರ ವಿಜಯೋತ್ಸವದ ಮೆರವಣಿಗೆಯನ್ನು ನಗರಮಧ್ಯದಲ್ಲಿ ನಿಲ್ಲಗೊಡದೆ ಕರಿಯರ ಬಡಾವಣೆಯ ಪಾರ್ಕಿಗೆ ಸಾಗಹಾಕಲಾಯಿತು!

1998ರಲ್ಲಿ ಆ ಶಾಲೆಯಲ್ಲೇ ಅದರ ಚರಿತ್ರೆ ಹೇಳುವ ವಸ್ತುಸಂಗ್ರಹಾಲಯ ತೆರೆಯಿತು. ಶಾಲೆಯ ಹಿರಿಮೆಯನ್ನು ನಾವು ಗೋಡೆ, ಕಂಬಗಳಿಂದ ಅಳೆಯುತ್ತೇವೆ. ಅದರ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನೂ ನಾವು ಕೇಳಬೇಕಲ್ಲವೇ?