ಗ್ರಂಥಪಾಲಕರಿಗೆ ಕೆಲಸ ಕಲಿಸಿದವರು ಯಾರು?

ಊರಿನ ಗ್ರಂಥಾಲಯದಲ್ಲಿ ಕೂರುವವರ ಕೆಲಸ ಏನು ಎಂದು ಕೇಳಿ ನೋಡಿ. ಬೆಳಿಗ್ಗೆ ಬೀಗ ತೆಗೆಯೋದು, ಪೇಪರ್ ಹರಡೋದು, ಹೊತ್ತಾದ ಮೇಲೆ ಬೀಗ ಹಾಕೋದು ಎಂಬ ಉತ್ತರವೇ ಹೆಚ್ಚು ಸಿಗುತ್ತದೆ. ಇಷ್ಟಕ್ಕೆ ಕಲಿಯುವುದೇನಿದೆ ಎಂಬ ಭಾವನೆ ಜನರಲ್ಲಿದೆ. ಕೆಲವೊಮ್ಮೆ ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲೂ ಇರುತ್ತದೆ.

ಇದೇನೂ ಇವತ್ತಿನ ಭಾವನೆಯಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಎಸ್. ಆರ್. ರಂಗನಾಥನ್ ಅವರೇ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇಸತ್ತು ಬಿಟ್ಟು ಹೋಗಲು ಹೊರಟಿದ್ದರು. ಅವರನ್ನು ಉಳಿಸಿದ್ದು ಏನು? ಅವರಿಗಿಂತ ಮೊದಲು ನಮ್ಮ ದೇಶದಲ್ಲಿ ಈ ಕೆಲಸವನ್ನು ಯಾರು ಯಾರಿಗೆ ಕಲಿಸಿಕೊಟ್ಟರು? ಈ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ನೋಡೋಣ.

ಬರೋಡಾದ ಮರದ ಪೆಟ್ಟಿಗೆಗಳು

ಬಹಳ ಕಾಲ ಪುಸ್ತಕ ಕಾಯುವ ಕೆಲಸಕ್ಕೆ ಶಾಲೆ ಎಂಬುದೇ ಇರಲಿಲ್ಲ. ಹಿರಿಯರ ಜೊತೆ ಇದ್ದು, ನೋಡಿ ಕಲಿಯಬೇಕಿತ್ತು. 1887ರ ಜನವರಿಯಲ್ಲಿ ಮೆಲ್ವಿಲ್ ಡ್ಯೂಯಿ ಎಂಬುವರು ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಇದಕ್ಕೆಂದೇ ಒಂದು ಶಾಲೆ ತೆರೆದರು. ಮೊದಲ ತಂಡದ 20 ಮಂದಿಯಲ್ಲಿ 17 ಮಂದಿ ಹೆಣ್ಣುಮಕ್ಕಳು. ಕಾಲೇಜಿನ ಆಡಳಿತಕ್ಕೆ ಇದು ಸರಿಬರಲಿಲ್ಲ. ತರಗತಿಗೆ ಕೋಣೆ ಕೊಡಲಿಲ್ಲ. ಡ್ಯೂಯಿ ಉಗ್ರಾಣದಂತಿದ್ದ ಒಂದು ಕೋಣೆಯನ್ನು ಸ್ವಚ್ಛ ಮಾಡಿಸಿ ಪಾಠ ಶುರು ಮಾಡಿದರು. ಎರಡೇ ವರ್ಷದಲ್ಲಿ, 1889ರಲ್ಲಿ, ಶಾಲೆ ಆಲ್ಬನಿ ಊರಿಗೆ ಹೋಯಿತು.

ಆ ಗಾಳಿ ನಮ್ಮ ದೇಶಕ್ಕೆ ಮೊದಲು ಬೀಸಿದ್ದು ಬರೋಡಾ ಸಂಸ್ಥಾನದಲ್ಲಿ. ಅಂಬೇಡ್ಕರ್ ಅವರಿಗೆ ಅಮೆರಿಕದಲ್ಲಿ ಓದಲು ವಿದ್ಯಾರ್ಥಿವೇತನ ಕೊಟ್ಟ ಮೂರನೇ ಸಯಾಜಿರಾವ್ ಗಾಯಕವಾಡರು ಅಲ್ಲಿನ ಮಹಾರಾಜರು. ಅಮೆರಿಕದ ಗ್ರಂಥಾಲಯಗಳನ್ನು ಕಣ್ಣಾರೆ ಕಂಡು ಬಂದ ಅವರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ ಗ್ರಂಥಪಾಲಕರನ್ನು ಕರೆಸಿಕೊಂಡರು. ಸಂಸ್ಥಾನದ ಹಳ್ಳಿಹಳ್ಳಿಗೂ ಪುಸ್ತಕ ಮುಟ್ಟಬೇಕು ಎಂಬುದು ಮಹಾರಾಜರ ಆಸೆ. ಗ್ರಂಥಾಲಯ ಇಲ್ಲದ ಕಡೆಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಕಳಿಸುವ ಏರ್ಪಾಡು ಆಯಿತು. ಹಳ್ಳಿಯವರು ಒಂದಿಷ್ಟು ಹಣ ಕೂಡಿಸಿದರೆ ಸರ್ಕಾರವೂ ಪ್ರಾಂತ್ಯದ ಪಂಚಾಯಿತಿಯೂ ಅಷ್ಟಷ್ಟೇ ಸೇರಿಸಿ ಗ್ರಂಥಾಲಯ ಮಾಡಿಕೊಡುತ್ತಿದ್ದವು.

ಆದರೆ ಪೆಟ್ಟಿಗೆ ಕಳಿಸಿದರೆ ಸಾಕೇ? ಅದನ್ನು ಬಿಚ್ಚಿ, ಪಟ್ಟಿ ಮಾಡಿ, ಯಾರಿಗೆ ಯಾವ ಪುಸ್ತಕ ಹಿಡಿಸೀತು ಎಂದು ತಿಳಿದು ಕೊಡುವವರು ಬೇಕಲ್ಲ. ಅದಕ್ಕೆ 1911ರಲ್ಲಿ ಬೋರ್ಡನ್ ಬರೋಡಾದಲ್ಲಿ ತರಬೇತಿ ತರಗತಿ ತೆರೆದರು. ಭಾರತದಲ್ಲಿ ಗ್ರಂಥಪಾಲಕರಿಗೆಂದು ನಡೆದ ಮೊದಲ ತರಗತಿ ಅದು.

1913ರಲ್ಲಿ ಬೋರ್ಡನ್ ತಮ್ಮ ದೇಶಕ್ಕೆ ಹೋದರು. ಹೊರಗಿನಿಂದ ಬಂದ ಸಾಹೇಬರು ಹೋದಮೇಲೆ ಅವರು ಕಟ್ಟಿದ್ದು ಪಾಳುಬೀಳುವುದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. ಬರೋಡಾದಲ್ಲಿ ಹಾಗಾಗಲಿಲ್ಲ. ಬೋರ್ಡನ್ ಜೊತೆ ಕೆಲಸ ಮಾಡಿದ್ದ ಮೋತಿಭಾಯಿ ಅಮೀನ್ ಅಲ್ಲಿದ್ದರು. ಶಾಲಾ ಮೇಷ್ಟ್ರಾಗಿದ್ದ ಅವರು ಬೋರ್ಡನ್ ಬರುವುದಕ್ಕೂ ಮೊದಲೇ ಗುಜರಾತಿನ ಊರುಗಳಲ್ಲಿ ವಾಚನಾಲಯ ಕಟ್ಟಿಸುತ್ತಿದ್ದವರು. ಅವರಿಗೆ ಊರು ಗೊತ್ತಿತ್ತು, ಬೋರ್ಡನ್‌ಗೆ ಶಾಸ್ತ್ರ ಗೊತ್ತಿತ್ತು. ಎರಡೂ ಕೂಡಿದ್ದರಿಂದ ಕೆಲಸ ನಿಂತಿತು.

ಲಾಹೋರಿನಿಂದ ಕಲ್ಕತ್ತಕ್ಕೆ

ಎರಡನೆಯ ಕೊಂಡಿ ಲಾಹೋರಿನದು. 1915ರಲ್ಲಿ ಪಂಜಾಬ್ ವಿಶ್ವವಿದ್ಯಾಲಯ ಡ್ಯೂಯಿಯವರ ಶಿಷ್ಯ ಆಸಾ ಡಾನ್ ಡಿಕಿನ್ಸನ್ ಅವರನ್ನು ಕರೆಸಿತು. ಅವರು ಇದ್ದದ್ದು ಒಂದು ವರ್ಷದಷ್ಟು ಮಾತ್ರ. ಅಷ್ಟರಲ್ಲೇ ತರಗತಿ ನಡೆಸಿದರು, ಹೊಸಬರಿಗೆಂದು ಒಂದು ಕೈಪಿಡಿಯನ್ನೂ ಬರೆದುಕೊಟ್ಟರು.

ಅವರ ಹತ್ತಿರ ಕಲಿತವರಲ್ಲಿ ಒಬ್ಬರು ಕೆ. ಎಂ. ಅಸಾದುಲ್ಲಾ. ಮುಂದೆ ಅವರು ಕಲ್ಕತ್ತದ ಇಂಪೀರಿಯಲ್ ಲೈಬ್ರರಿಯ, ಎಂದರೆ ಇಂದಿನ ರಾಷ್ಟ್ರೀಯ ಗ್ರಂಥಾಲಯದ, ಗ್ರಂಥಪಾಲಕರಾದರು. 1935ರಲ್ಲಿ ಅಲ್ಲಿ ತಾವೇ ತರಬೇತಿ ಶುರು ಮಾಡಿದರು. ಲಾಹೋರಿನಲ್ಲಿ ಒಬ್ಬರು ಒಂದು ವರ್ಷ ಕಲಿಸಿದ್ದು ಇಪ್ಪತ್ತು ವರ್ಷದ ಮೇಲೆ ದೇಶದ ಇನ್ನೊಂದು ತುದಿಯಲ್ಲಿ ಫಲ ಕೊಟ್ಟಿತು.

ಬಿಟ್ಟು ಹೋಗಲು ಹೊರಟ ಮೇಷ್ಟ್ರು

ಈಗ ರಂಗನಾಥನ್ ವಿಷಯಕ್ಕೆ ಬರೋಣ. 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಮೇಷ್ಟ್ರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾಗಿ ಸೇರಿದರು. ಗ್ರಂಥಾಲಯದ ಕೆಲಸದ ಗಂಧಗಾಳಿಯೂ ಅವರಿಗೆ ಇರಲಿಲ್ಲ. ಹೇಳಿಕೊಡುವವರೂ ಅಲ್ಲಿರಲಿಲ್ಲ.

ತರಗತಿ ತುಂಬ ಹುಡುಗರ ನಡುವೆ ಇದ್ದ ಮನುಷ್ಯ ಈಗ ಪುಸ್ತಕಗಳ ನಡುವೆ ಒಂಟಿ. ಬರುವ ಓದುಗರು ಬೆರಳೆಣಿಕೆಯಷ್ಟು. ಕೆಲವೇ ದಿನಗಳಲ್ಲಿ ಅವರು ಕಾಲೇಜಿನ ಪ್ರಾಂಶುಪಾಲರ ಹತ್ತಿರ ಹೋಗಿ, ನನ್ನನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳಿಕೊಂಡರು. ಹೇಗೂ ಇಂಗ್ಲೆಂಡಿಗೆ ತರಬೇತಿಗೆ ಹೋಗಬೇಕಿದೆ, ಹೋಗಿ ಬಂದ ಮೇಲೂ ಬೇಡವೆನಿಸಿದರೆ ನೋಡೋಣ ಎಂದು ಪ್ರಾಂಶುಪಾಲರು ಸಮಾಧಾನ ಮಾಡಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಸಿಕ್ಕ ಗುರು ಬರ್ವಿಕ್ ಸೇಯರ್ಸ್. ಸೇಯರ್ಸ್ ಪಾಠ ಮಾತ್ರ ಮಾಡುವವರಲ್ಲ. ಕ್ರಾಯ್ಡನ್ ಊರಿನ ಸಾರ್ವಜನಿಕ ಗ್ರಂಥಾಲಯ ನಡೆಸುತ್ತಿದ್ದವರು. ತರಗತಿಯಲ್ಲಿ ಹೇಳಿದ್ದನ್ನು ಶಿಷ್ಯ ಕ್ರಾಯ್ಡನ್ನಿಗೆ ಬಂದು ಕೆಲಸದಲ್ಲಿ ನೋಡಬಹುದಿತ್ತು. ಅಲ್ಲಿಂದ ಮುಂದೆ ರಂಗನಾಥನ್ ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು. ಮಕ್ಕಳು, ಕೂಲಿಕಾರರು, ಗೃಹಿಣಿಯರು ಎಲ್ಲರೂ ಬಂದು ಪುಸ್ತಕ ಒಯ್ಯುವುದನ್ನು ಕಂಡರು. ಗ್ರಂಥಾಲಯ ಎಂದರೆ ಉಗ್ರಾಣವಲ್ಲ, ಊರನ್ನು ಬದಲಿಸುವ ಜಾಗ ಎಂಬುದು ಅವರಿಗೆ ಹೊಳೆದದ್ದು ಅಲ್ಲಿ.

1925ರಲ್ಲಿ ಹಡಗಿನಲ್ಲಿ ವಾಪಸ್ ಬರುವಾಗ, ಹಡಗಿನ ಪುಟ್ಟ ಗ್ರಂಥಾಲಯದ ಪುಸ್ತಕಗಳನ್ನೇ ತಾವು ರೂಪಿಸುತ್ತಿದ್ದ ವರ್ಗೀಕರಣದ ಪ್ರಕಾರ ಜೋಡಿಸಿ ನೋಡಿದರು. ಹೋಗುವಾಗ ಕೆಲಸವೇ ಬೇಡ ಎಂದವರು ಬರುವಾಗ ದಾರಿಯಲ್ಲೇ ಕೆಲಸ ಶುರು ಮಾಡಿದ್ದರು. ಗಣಿತದ ಮೇಷ್ಟ್ರ ಕೆಲಸವನ್ನು ಮತ್ತೆ ಕೇಳಲಿಲ್ಲ. ಸುಮಾರು 20 ವರ್ಷ ಅದೇ ಗ್ರಂಥಾಲಯದಲ್ಲಿ ದುಡಿದರು.

ಕಲಿತವರು ಕಲಿಸಿದ್ದು

ಹೇಳಿಕೊಡುವವರಿಲ್ಲದ ಕಷ್ಟವನ್ನು ಅನುಭವಿಸಿದವರಿಗೆ ಅದರ ಬೆಲೆ ಗೊತ್ತಿರುತ್ತದೆ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಕಟ್ಟುವಲ್ಲಿ ರಂಗನಾಥನ್ ಮುಂದೆ ನಿಂತರು. ಮರುವರ್ಷವೇ, 1929ರಲ್ಲಿ, ಸಂಘದಿಂದ ಬೇಸಿಗೆ ತರಬೇತಿ ಶುರುವಾಯಿತು. 1931ರಲ್ಲಿ ವಿಶ್ವವಿದ್ಯಾಲಯವೇ ಆ ಕೋರ್ಸನ್ನು ವಹಿಸಿಕೊಂಡಿತು. ಅವರ ಪ್ರಸಿದ್ಧ ಪಂಚಸೂತ್ರಗಳ ಪುಸ್ತಕ ಹೊರಬಂದದ್ದೂ ಅದೇ ವರ್ಷ. ಆಮೇಲೆ 1945ರಲ್ಲಿ ಬನಾರಸ್, 1947ರಲ್ಲಿ ದೆಹಲಿ. ಹೋದಲ್ಲೆಲ್ಲ ಹೊಸಬರಿಗೆ ಕಲಿಸಿದರು. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರೂ ಸೇರಿದ ಗ್ರಂಥಾಲಯ ವಿಜ್ಞಾನದ ಪೀಠ ಮಾಡಿಸಿದರು.

1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಡಿಯಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಶುರುವಾಯಿತು. ಆಗ ಅವರಿಗೆ 70ರ ಹತ್ತಿರ ವಯಸ್ಸು. ಅವರ ಜೊತೆ ನಿಂತು ಕೇಂದ್ರ ಬೆಳೆಸಿದ ಎ. ನೀಲಮೇಘನ್ ಅವರಂಥವರು ಆ ಪಾಠವನ್ನು ಮುಂದಿನ ತಲೆಮಾರಿಗೆ ಕೊಂಡೊಯ್ದರು. ಅದೇ ದಶಕದಲ್ಲಿ ಧಾರವಾಡ, ಮೈಸೂರು ವಿಶ್ವವಿದ್ಯಾಲಯಗಳಲ್ಲೂ ಗ್ರಂಥಾಲಯ ವಿಜ್ಞಾನದ ಕಲಿಕೆ ಶುರುವಾಯಿತು. 1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಮನೆ ಕಂದಾಯದ ಜೊತೆ ನಾವು ಕಟ್ಟುವ ಗ್ರಂಥಾಲಯ ಕರದ ಮೂಲ ಆ ಕಾಯ್ದೆ. 1972ರಲ್ಲಿ ರಂಗನಾಥನ್ ಬೆಂಗಳೂರಿನಲ್ಲೇ ತೀರಿಕೊಂಡರು.

ಈಗ ನಮ್ಮ ಪಂಚಾಯಿತಿಯಲ್ಲಿ

ರಾಜ್ಯದಲ್ಲಿ ಈಗ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರ ಎಂಬ ಹೆಸರೂ ಇದೆ. ಎಷ್ಟೋ ಕಡೆ ಹೊಸ ಕಟ್ಟಡ, ಬಣ್ಣ, ಕಂಪ್ಯೂಟರ್ ಬಂದಿರುವುದನ್ನು ನಾವು ವರದಿ ಮಾಡಿದ್ದೇವೆ, ಸಂತೋಷಪಟ್ಟಿದ್ದೇವೆ.

ಆದರೆ ಈ ಗ್ರಂಥಾಲಯಗಳನ್ನು ವರ್ಷಗಟ್ಟಲೆ ಕಡಿಮೆ ಗೌರವಧನದಲ್ಲಿ ನಡೆಸಿದ ಮೇಲ್ವಿಚಾರಕರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ಬರುವವರು ಊರಿನ ಹುಡುಗ ಹುಡುಗಿಯರು. ಅವರ ಕೈಗೆ ಬೀಗದ ಕೈ ಸಿಗುತ್ತದೆ, ಅಕ್ಸೆಷನ್ ರಿಜಿಸ್ಟರ್ ಸಿಗುತ್ತದೆ. ಸಭೆ, ತರಬೇತಿಗಳೂ ನಡೆಯುತ್ತವೆ. ಆದರೆ ಹಿರಿಯರ ತಲೆಯಲ್ಲಿದ್ದದ್ದು ರಿಜಿಸ್ಟರಿನಲ್ಲಿ ಬರೆದಿರುವುದಿಲ್ಲ. ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಯಾವ ಹೊತ್ತಿಗೆ ಬರುತ್ತಾನೆ, ಯಾವ ಓಣಿಯ ಹೆಣ್ಣುಮಕ್ಕಳು ಒಳಗೆ ಬರಲು ಸಂಕೋಚಪಡುತ್ತಾರೆ, ಮದುವೆಯಾಗಿ ಹೋದ ಹುಡುಗಿಯ ಜೊತೆ ಹೋದ ಕಾದಂಬರಿಯನ್ನು ಬೇಸರವಾಗದಂತೆ ವಾಪಸ್ ತರಿಸುವುದು ಹೇಗೆ, ಹರಿದ ಪುಸ್ತಕಕ್ಕೆ ಹೊಲಿಗೆ ಹಾಕುವುದು ಹೇಗೆ: ಇವನ್ನೆಲ್ಲ ಪಕ್ಕದಲ್ಲಿ ಕೂತೇ ಕಲಿಯಬೇಕು.

ಇದು ಸಿಗದಿದ್ದರೆ ಹೊಸಬರು ಮದರಾಸಿನ ಆ ಗಣಿತ ಮೇಷ್ಟ್ರ ಹಾಗೆ ಖಾಲಿ ಕೋಣೆಯಲ್ಲಿ ಒಂಟಿಯಾಗುತ್ತಾರೆ. ಅವರನ್ನು ಕ್ರಾಯ್ಡನ್ನಿಗೆ ಕಳಿಸುವವರು ಯಾರೂ ಇಲ್ಲ. ಕಳಿಸುವ ಅಗತ್ಯವೂ ಇಲ್ಲ. ಪಕ್ಕದ ಪಂಚಾಯಿತಿಯಲ್ಲಿ ಚೆನ್ನಾಗಿ ನಡೆಸುತ್ತಿರುವ ಮೇಲ್ವಿಚಾರಕರ ಹತ್ತಿರ ಹದಿನೈದು ದಿನ ಕಳಿಸಿದರೆ ಸಾಕು. ನಿವೃತ್ತರಾಗುವವರು ಚಾರ್ಜ್ ಕೊಡುವ ಮೊದಲು ಹೊಸಬರ ಜೊತೆ ಒಂದಷ್ಟು ದಿನ ಕೂತರೆ ಇನ್ನೂ ಒಳ್ಳೆಯದು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ನಿಮ್ಮ ಊರಿನ ಗ್ರಂಥಾಲಯಕ್ಕೆ ಹೊಸಬರು ಬಂದಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ. ಎಷ್ಟು ಪುಸ್ತಕ ಬಂತು ಎಂದು ಕೇಳುವ ಜೊತೆಗೆ, ಈ ಮಗುವಿಗೆ ಕೆಲಸ ಹೇಳಿಕೊಟ್ಟವರು ಯಾರು ಎಂದೂ ಕೇಳಿ.