ಡೆಡ್‌ಲೈನ್: ಒಂದು ಗೆರೆಯ ಕಥೆ

ಸ್ಟುಡಿಯೋದಲ್ಲಿ ದಿನಕ್ಕೆ ಹತ್ತು ಸಲವಾದರೂ ನಮ್ಮ ಕಿವಿಗೆ ಬೀಳುವ ಪದ ‘ಡೆಡ್‌ಲೈನ್’. ಸ್ಕ್ರಿಪ್ಟಿಗೆ ಡೆಡ್‌ಲೈನ್, ರೆಕಾರ್ಡಿಂಗಿಗೆ ಡೆಡ್‌ಲೈನ್. ನಿಮ್ಮ ಆಫೀಸುಗಳಲ್ಲೂ ಇದೇ ಪಾಡಿರಬೇಕು. ‘ಗಡುವು’ ಎಂಬ ಚೊಕ್ಕ ಪದ ನಮ್ಮಲ್ಲಿದ್ದರೂ ಬಾಯಿಗೆ ಬರುವುದು ಇದೇ. ಸರಿ, ಇದರಲ್ಲಿ ‘ಡೆಡ್’ ಯಾಕೆ ಬಂತು? ಸತ್ತವರು ಯಾರು?

ಅದು ಅಮೆರಿಕದ ಅಂತರ್ಯುದ್ಧದ ಕಾಲ. 1864ರ ಫೆಬ್ರವರಿಯಲ್ಲಿ ದಕ್ಷಿಣದವರು ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಯುದ್ಧಕೈದಿಗಳಿಗೆ ಒಂದು ಸೆರೆಮನೆ ತೆರೆದರು. ಸೆರೆಮನೆ ಎಂದರೆ ಸುತ್ತಲೂ ಮರದ ದಿಮ್ಮಿಗಳ ಎತ್ತರದ ಗೋಡೆ, ಒಳಗೆ ಸೂರಿಲ್ಲದ ಬಯಲು, ಅಷ್ಟೇ. ಹತ್ತು ಸಾವಿರ ಜನರಿಗೆಂದು ಕಟ್ಟಿದ್ದ ಜಾಗದಲ್ಲಿ ಆಗಸ್ಟ್ ಹೊತ್ತಿಗೆ 32 ಸಾವಿರಕ್ಕೂ ಹೆಚ್ಚು ಮಂದಿ! ಗೋಡೆಯಿಂದ ಸುಮಾರು 19 ಅಡಿ ಒಳಗೆ, ಒಂದು ಮಗು ಕೂಡ ದಾಟಬಹುದಾದಂಥ ತೆಳು ಮರದ ಬೇಲಿ. ಅದಕ್ಕೇ ‘ಡೆಡ್ ಲೈನ್’ ಎನ್ನುತ್ತಿದ್ದರು. ದಾಟಿದವನಿಗೆ ಕಾವಲುಗಾರನ ಗುಂಡು, ಎಚ್ಚರಿಕೆಯೂ ಇಲ್ಲ. ನಡುವೆ ಹರಿಯುತ್ತಿದ್ದ ತೊರೆ ಹೊಲಸಾಗಿತ್ತು. ಬೇಲಿಯ ಪಕ್ಕ ನೀರು ಒಂದಿಷ್ಟು ತಿಳಿ. ಆ ನೀರಿಗೆ ಕೈಚಾಚಿ ಪ್ರಾಣ ಕಳೆದುಕೊಂಡವರಿದ್ದಾರೆ. ಗುಂಡಿಗಿಂತ ಭೇದಿ, ಹಸಿವುಗಳೇ ಹೆಚ್ಚು ಕೊಂದವೆನ್ನಿ. ಅಲ್ಲಿ ಸತ್ತವರು ಹತ್ತಿರ ಹತ್ತಿರ 13 ಸಾವಿರ.

ಯುದ್ಧ ಮುಗಿದ ಮೇಲೆ ಸೆರೆಮನೆಯ ಅಧಿಕಾರಿ ಹೆನ್ರಿ ವಿರ್ಜ್ ಮೇಲೆ ವಿಚಾರಣೆ ನಡೆಯಿತು. ಆರೋಪಪಟ್ಟಿಯಲ್ಲಿ ಈ ಗೆರೆಯೂ ಇತ್ತು. 1865ರ ನವೆಂಬರ್ 10ರಂದು ವಾಷಿಂಗ್ಟನ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ವಿಚಾರಣಾ ಮಂಡಳಿಯ ಅಧ್ಯಕ್ಷ ಲ್ಯೂ ವಾಲೇಸ್. ಮುಂದೆ ‘ಬೆನ್‌ಹರ್’ ಕಾದಂಬರಿ ಬರೆದವನು ಇವನೇ.

ಆಮೇಲೆ ಪದ ಅಚ್ಚುಕೂಟಕ್ಕೆ ಬಂತು. ಮುದ್ರಣಯಂತ್ರದ ಹಾಸಿನ ಮೇಲಿನ ಒಂದು ಗೆರೆಗೆ ಇದೇ ಹೆಸರು. ಅದರಾಚೆ ಜೋಡಿಸಿದ ಮೊಳೆ ಸರಿಯಾಗಿ ಅಚ್ಚಾಗದು. 1920ರ ಸುಮಾರಿಗೆ ಅಮೆರಿಕದ ಪತ್ರಿಕಾಲಯಗಳಲ್ಲಿ ಸುದ್ದಿ ಮುಟ್ಟಿಸಬೇಕಾದ ವೇಳೆಗೂ ‘ಡೆಡ್‌ಲೈನ್’ ಎನ್ನತೊಡಗಿದ್ದರು. ನೆಲದ ಮೇಲಿದ್ದ ಗೆರೆ ಗಡಿಯಾರಕ್ಕೆ ಹತ್ತಿತು.

ಇದರ ಜೊತೆಗಾರ ‘ಇಲೆವೆಂತ್ ಅವರ್’. ಅನೇಕರು ಇದನ್ನು ರಾತ್ರಿ ಹನ್ನೊಂದು ಗಂಟೆ ಎಂದುಕೊಳ್ಳುತ್ತಾರೆ. ಅಲ್ಲ. ಬೈಬಲ್ಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನನ ಕಥೆಯಿದೆ. ಸೂರ್ಯೋದಯದಿಂದ ಎಣಿಸಿದರೆ ಹನ್ನೊಂದನೇ ತಾಸೆಂದರೆ ಸಂಜೆ ಐದರ ಸುಮಾರು. ಆಗ ಬಂದ ಕೂಲಿಗಳಿಗೂ ಆತ ಇಡೀ ದಿನದ ಕೂಲಿ ಕೊಟ್ಟ. ಬೆಳಗಿನಿಂದ ಬಿಸಿಲಲ್ಲಿ ದುಡಿದವರು ಗೊಣಗಿದರು.

ಅಂದಹಾಗೆ, ಈ ಬರಹ ನಾನು ಕೊಡಬೇಕಿದ್ದುದು ನಿನ್ನೆ ಸಂಜೆ ಐದಕ್ಕೆ.